ಆಪತ್ತಿಗೆ ಮುನ್ನ ಮನೆಯ ಸಿದ್ಧತೆ

ಚರಕ ಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯಕ್ಕೆ ‘ಉಪಕಲ್ಪನೀಯ’ ಎಂದು ಹೆಸರು. ವಮನ, ವಿರೇಚನ ಮೊದಲಾದ ಶೋಧನ ಚಿಕಿತ್ಸೆಗಳನ್ನು ಕೈಗೊಳ್ಳುವ ಮುನ್ನ ವೈದ್ಯನು ಯಾವ ಯಾವ ಸಾಮಗ್ರಿಗಳನ್ನು ಒದಗಿಸಿಕೊಂಡಿರಬೇಕೆಂಬುದು ಅಲ್ಲಿಯ ವಿಷಯ. ಗಾಳಿ ಬೆಳಕುಳ್ಳ ಮನೆಯಿಂದ ಹಿಡಿದು ಪರಿಚಾರಕರು, ಪಾತ್ರೆ ಪದಾರ್ಥಗಳು, ಹಾಲು ಕರೆಯುವ ಹಸುವಿನವರೆಗೆ ಆ ಪಟ್ಟಿ ಬೆಳೆಯುತ್ತದೆ. ವಿದ್ಯಾರ್ಥಿದೆಸೆಯಲ್ಲಿ ಅದನ್ನು ಓದುವಾಗ ಇಷ್ಟೆಲ್ಲ ಏತಕ್ಕೆಂದು ನಮಗೆ ಬೇಸರ ಬರುತ್ತಿತ್ತು. ಆತ್ರೇಯರು ಅದಕ್ಕೆ ಕೊಡುವ ಕಾರಣ ಬಹಳ ಸರಳವಾದುದು. ಪೇಟೆಯಲ್ಲಿ ಎಲ್ಲವೂ ದೊರೆಯುವಂತಿದ್ದರೂ ಆಪತ್ತು ಎದುರಿಗೆ ಬಂದು ನಿಂತ ಗಳಿಗೆಯಲ್ಲಿ ಬೇಕಾದುದನ್ನು ಬೇಗನೆ, ಕ್ರಮವಾಗಿ ಕೂಡಿಸಿಕೊಳ್ಳಲು ಆಗುವುದಿಲ್ಲವೆಂಬುದೇ ಅವರ ಅಭಿಪ್ರಾಯ. ಇದು ನನಗೆ ಸರಿಯಾಗಿ ಅರ್ಥವಾದದ್ದು ಪದವಿ ಪಡೆದು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 2019ರ ಆಗಸ್ಟ್ ತಿಂಗಳಲ್ಲಿ.

ಆ ವರ್ಷ ಆಶ್ಲೇಷಾ ಮಳೆಗೆ ಮಲಪ್ರಭೆ ಘಟಪ್ರಭೆಗಳೆರಡೂ ದಂಡೆ ಮೀರಿದ್ದು ಓದುಗರಿಗೆ ನೆನಪಿರಬಹುದು. ನವಿಲುತೀರ್ಥದ ಜಲಾಶಯದಿಂದ ಬಿಟ್ಟ ನೀರು ನರಗುಂದ, ರೋಣ, ಬಾದಾಮಿ ತಾಲೂಕುಗಳ ಹೊಳೆಸಾಲಿನ ಊರುಗಳನ್ನು ಹೊಕ್ಕಿತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ಸಹ ನೀರು ನಿಂತಿತು. ಮಠದಿಂದ ರೊಟ್ಟಿ, ಹೊದಿಕೆಗಳನ್ನು ಹೊತ್ತ ವಾಹನದೊಡನೆ ನಾನೂ ಒಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ. ಪ್ರೌಢಶಾಲೆಯ ಕೊಠಡಿಗಳಲ್ಲಿ ಜನ ತುಂಬಿದ್ದರು. ಸಂಜೆಯ ಹೊತ್ತಿಗೆ ಒಬ್ಬ ತಾಯಿ ಇಪ್ಪತ್ತು ವರ್ಷದ ಮಗನನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದಳು. ಹುಡುಗನಿಗೆ ಬಾಲ್ಯದಿಂದ ಮೂರ್ಛೆರೋಗ. ಮೂರು ದಿನಗಳಿಂದ ಔಷಧಿ ತಪ್ಪಿತ್ತು. ಯಾವ ಗುಳಿಗೆಯೆಂದು ಕೇಳಿದೆ. “ಸಣ್ಣ ಬಿಳಿ ಗುಳಿಗಿ ರೀ, ಮುಂಜಾನೆ ಒಂದು, ರಾತ್ರಿ ಒಂದು” ಎಂದಳು. ಚೀಟಿ ಗೋಡೆಯ ಗೂಡಿನಲ್ಲಿತ್ತು, ಗೋಡೆಯೇ ಉಳಿದಿರಲಿಲ್ಲ. ಬರೆದುಕೊಟ್ಟ ವೈದ್ಯರ ಹೆಸರೂ ಆಕೆಗೆ ತಿಳಿಯದು. ಬಿಳಿಯ ಬಣ್ಣದ ಗುಳಿಗೆಗಳು ಪೇಟೆಯಲ್ಲಿ ಸಾವಿರಾರು. ಮೂರ್ಛೆರೋಗದ ಔಷಧಿಯನ್ನು ಹಠಾತ್ತನೆ ನಿಲ್ಲಿಸಿದರೆ ರೋಗವು ಮೊದಲಿಗಿಂತ ಪ್ರಬಲವಾಗಿ ಮರುಕಳಿಸುತ್ತದೆಂಬುದು ನನಗೆ ಗೊತ್ತಿತ್ತು. ಆದರೆ ಗೊತ್ತಿದ್ದರಿಂದ ಪ್ರಯೋಜನವಾಗಲಿಲ್ಲ. ಆ ರಾತ್ರಿ ಹುಡುಗನಿಗೆ ಮೇಲಿಂದ ಮೇಲೆ ಸೆಳೆತಗಳು ಬಂದವು. ಬೆಳಗಿನ ಜಾವ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು, ನೀರಿಳಿದ ದಾರಿ ಹುಡುಕುತ್ತ ತಾಲೂಕು ಆಸ್ಪತ್ರೆಗೆ ಮುಟ್ಟಿಸಿದೆವು. ಬದುಕಿಕೊಂಡನು. ಅಂಗೈಯಗಲದ ಒಂದು ಕಾಗದ ಆ ತಾಯಿಯ ಸೆರಗಿನಲ್ಲಿ ಇದ್ದಿದ್ದರೆ ಆ ರಾತ್ರಿ ಬೇರೆಯಾಗಿರುತ್ತಿತ್ತು.

ಆದುದರಿಂದ ಈ ತಿಂಗಳು ಯಾವುದೊಂದು ರೋಗವನ್ನೂ ಕುರಿತು ಬರೆಯದೆ, ಪ್ರತಿಯೊಂದು ಕುಟುಂಬವೂ ಆಪತ್ತಿಗೆ ಮುಂಚಿತವಾಗಿ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಕುರಿತು ಬರೆಯುತ್ತಿದ್ದೇನೆ.

ಯಾವ ಆಪತ್ತು, ಯಾವ ಮನೆಗೆ

ಮೊದಲು ಮನೆಯವರೆಲ್ಲ ಒಂದು ಸಂಜೆ ಕೂಡಿ ಕುಳಿತು, ನಮ್ಮ ಮನೆಗೆ ಬರಬಹುದಾದ ಆಪತ್ತುಗಳು ಯಾವುವು ಎಂದು ವಿಚಾರ ಮಾಡಬೇಕು. ಯಜಮಾನನೊಬ್ಬನೇ ಮಾಡಿದ ಯೋಜನೆ ಅವನು ಸಂತೆಗೆ ಹೋದ ದಿನ ನಿರುಪಯುಕ್ತ. ಅತ್ತೆ, ಸೊಸೆ, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಆ ಮಾತುಕತೆಯಲ್ಲಿ ಇರತಕ್ಕದ್ದು. ಆಪತ್ತುಗಳು ಎಲ್ಲ ಮನೆಗಳಿಗೂ ಒಂದೇ ರೀತಿಯವಲ್ಲ. ಹೊಳೆಯ ದಂಡೆಯವರಿಗೆ ಮಹಾಪೂರದ ಭಯ. ಬೆಣ್ಣೆಹಳ್ಳದಂತಹ ಹಳ್ಳಗಳ ಬದಿಯವರಿಗೆ ಮೇಲಿನ ಸೀಮೆಯಲ್ಲಿ ಮಳೆಯಾದ ಕೆಲವೇ ತಾಸುಗಳಲ್ಲಿ ಏರುವ ನೀರಿನ ಭಯ. ಹೊಲದ ಮನೆಯವರಿಗೆ ಹಾವು ಮತ್ತು ಸಿಡಿಲು. ಪಟ್ಟಣದ ಮಹಡಿ ಮನೆಯಲ್ಲಿ ಇಬ್ಬರೇ ವಾಸಿಸುವ ವೃದ್ಧ ದಂಪತಿಗಳಿಗೆ ಬಾಗಿಲು ಹಾಕಿಕೊಂಡ ಸ್ನಾನಗೃಹದಲ್ಲಿ ಜಾರಿ ಬೀಳುವುದೇ ದೊಡ್ಡ ಆಪತ್ತು. ಅಂಥವರು ಸ್ನಾನಗೃಹದ ಒಳಚಿಲಕ ಹಾಕದಿರುವುದು, ನೆರೆಮನೆಯವರ ಹತ್ತಿರ ಒಂದು ಕೀಲಿಕೈ ಇಟ್ಟಿರುವುದು, ಇವೆರಡೇ ಅವರ ಯೋಜನೆಯ ಅರ್ಧ ಭಾಗ.

ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳ ವಿಷಯವನ್ನು ಇಲ್ಲಿ ಹೇಳಲೇಬೇಕು. 2009ರಲ್ಲಿ ಹಸ್ತಾ ಮಳೆ ಎಡೆಬಿಡದೆ ಸುರಿದಾಗ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಅವರಲ್ಲಿ ಅನೇಕರು ನೀರಿನಲ್ಲಿ ಕೊಚ್ಚಿಹೋದವರಲ್ಲ, ತಮ್ಮದೇ ಮನೆಯ ಗೋಡೆ ಮಾಳಿಗೆಗಳ ಕೆಳಗೆ ಸಿಕ್ಕವರು. ಬೇಸಿಗೆಯಲ್ಲಿ ತಂಪಾಗಿಟ್ಟು ನಮ್ಮನ್ನು ಕಾಯುವ ಅದೇ ಮಣ್ಣು ಎರಡು ಮೂರು ದಿನ ನೀರು ಕುಡಿದರೆ ತೊಲೆ ಜಂತಿಗಳು ತಾಳಲಾರದಷ್ಟು ಭಾರವಾಗುತ್ತದೆ. ಬೀಳುವ ಮುನ್ನ ಮನೆ ಸೂಚನೆ ಕೊಡುತ್ತದೆ. ಜಂತಿಗಳ ಸಂದಿಯಿಂದ ಮಣ್ಣು ಉದುರುವುದು, ಗೋಡೆ ಉಬ್ಬುವುದು, ಬಾಗಿಲು ಚೌಕಟ್ಟಿನಲ್ಲಿ ಬಿಗಿಯಾಗಿ ಕೂಡುವುದು, ರಾತ್ರಿ ತೊಲೆಯಲ್ಲಿ ಚಟಚಟ ಸಪ್ಪಳ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ‘ಎರಡು ದಿನ ಮಳೆ ಬಿಡದಿದ್ದರೆ ಮೂರನೆಯ ರಾತ್ರಿ ಈ ಮನೆಯಲ್ಲಿ ಮಲಗುವುದಿಲ್ಲ, ಇಂತಹವರ ಆರ್.ಸಿ.ಸಿ. ಮನೆಯಲ್ಲಿ ಅಥವಾ ಶಾಲೆಯಲ್ಲಿ ಮಲಗುತ್ತೇವೆ’ ಎಂಬ ನಿಶ್ಚಯವನ್ನು ಬಿಸಿಲಿದ್ದಾಗಲೇ ಮಾಡಿ, ಆ ಮನೆಯವರಿಗೂ ಹೇಳಿಟ್ಟಿರಬೇಕು. ಮಧ್ಯರಾತ್ರಿ ಮಳೆಯಲ್ಲಿ ಚರ್ಚೆ ಆರಂಭಿಸಿದರೆ ಹಿರಿಯರು ಹಟ ಹಿಡಿಯುತ್ತಾರೆ. ಇದು ನಾನು ಹಲವು ಮನೆಗಳಲ್ಲಿ ಕಂಡ ಮಾತು.

ಎಲ್ಲಿ ಕೂಡಬೇಕು ಎಂಬುದನ್ನೂ ಅಂದೇ ಗೊತ್ತುಮಾಡಬೇಕು. ಊರೊಳಗೆ ಎತ್ತರದ ಒಂದು ಸ್ಥಳ, ಅಲ್ಲಿಗೂ ಹೋಗಲಾಗದಿದ್ದರೆ ಊರ ಹೊರಗೆ ಇನ್ನೊಂದು ಸ್ಥಳ. ಚದುರಿದವರು ಪರಸ್ಪರರಿಗೆ ಸುದ್ದಿ ಮುಟ್ಟಿಸಲು ದೂರದ ಊರಿನ ಒಬ್ಬರನ್ನು ಆರಿಸಿಕೊಳ್ಳಬೇಕು. ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಕೊಟ್ಟ ಮಗಳ ಮನೆ ಇದಕ್ಕೆ ಸೂಕ್ತ. ಎಲ್ಲರೂ ಆಕೆಗೆ ಕರೆಮಾಡಿ ತಾವಿರುವ ಸ್ಥಳವನ್ನು ತಿಳಿಸಿದರೆ ಆಕೆಯಿಂದ ಎಲ್ಲರಿಗೂ ಎಲ್ಲರ ಕ್ಷೇಮ ತಿಳಿಯುತ್ತದೆ. ಆದರೆ ಆಕೆಯ ದೂರವಾಣಿ ಸಂಖ್ಯೆ ಎಷ್ಟು ಜನರಿಗೆ ಬಾಯಿಪಾಠವಿದೆ? ನನಗೆ ನನ್ನ ಮಗನ ಸಂಖ್ಯೆಯೇ ಬಾರದು. ಮೊಬೈಲ್ ಬಂದ ಮೇಲೆ ನಾವೆಲ್ಲ ಸಂಖ್ಯೆಗಳನ್ನು ಮರೆತಿದ್ದೇವೆ. ಮೊಬೈಲಿನ ಚಾರ್ಜು ಮುಗಿದರೆ ಮನೆಯವರೇ ಅಪರಿಚಿತರಾಗುತ್ತಾರೆ. ಮುಖ್ಯ ಸಂಖ್ಯೆಗಳನ್ನು ಕಾಗದದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಹಚ್ಚಿರಿ, ಮಕ್ಕಳ ಶಾಲೆಯ ಚೀಲದಲ್ಲಿಯೂ ಒಂದು ಪ್ರತಿ ಇಡಿರಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112. ಆಂಬುಲೆನ್ಸಿಗೆ ನೇರವಾಗಿ 108. ಜಿಲ್ಲಾಡಳಿತದ ವಿಪತ್ತು ನಿಯಂತ್ರಣ ಕೊಠಡಿಗೆ 1077. ತಂತಿ ಹರಿದು ಬಿದ್ದರೆ 1912. ಅಡುಗೆ ಅನಿಲ ಸೋರಿದರೆ 1906.

ಔಷಧಿಯ ಚೀಟಿ

ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯಲ್ಲಿ ಅತ್ಯಂತ ಮುಖ್ಯವಾದುದು ಇದು. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಬೇಕು. ಹೆಸರು, ವಯಸ್ಸು, ಇರುವ ರೋಗಗಳು, ತೆಗೆದುಕೊಳ್ಳುವ ಪ್ರತಿಯೊಂದು ಔಷಧಿಯ ಹೆಸರು, ಅದು ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವ ಔಷಧಿ ಮೈಗೆ ಒಗ್ಗದು, ಹಿಂದೆ ಆದ ಶಸ್ತ್ರಕ್ರಿಯೆ, ನೋಡುವ ವೈದ್ಯರ ಹೆಸರು ಮತ್ತು ದೂರವಾಣಿ. ಗುಳಿಗೆಯ ಬಣ್ಣವನ್ನು ಬರೆಯುವ ಅಗತ್ಯವಿಲ್ಲ, ಕಂಪನಿಯಿಂದ ಕಂಪನಿಗೆ ಅದು ಬದಲಾಗುತ್ತದೆ. ಔಷಧಿಯ ಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿರುವ ಮೂಲ ಹೆಸರನ್ನೇ ನೋಡಿ ಬರೆಯಬೇಕು. ಆಯುರ್ವೇದ ಔಷಧಿಗಳನ್ನು ಸೇವಿಸುವವರು ಅವನ್ನೂ ಬರೆಯಬೇಕು. ‘ಅದೇನು ಬಿಡ್ರಿ, ನಾಟಿ ಔಷಧಿ’ ಎಂದು ಆಸ್ಪತ್ರೆಯಲ್ಲಿ ಮುಚ್ಚಿಡುವುದು ಸರಿಯಲ್ಲ. ನಮ್ಮ ಔಷಧಿಗಳಿಗೂ ಗುಣವಿದೆಯೆಂದ ಮೇಲೆ ಇನ್ನೊಂದು ಔಷಧಿಯೊಡನೆ ಅವು ವರ್ತಿಸುತ್ತವೆ ಎಂಬುದನ್ನೂ ಒಪ್ಪಲೇಬೇಕಲ್ಲವೇ?

ಬರೆದ ಚೀಟಿಯ ಒಂದು ಪ್ರತಿ ಪ್ಲಾಸ್ಟಿಕ್ ಹಾಳೆಯಲ್ಲಿ ಮನೆಯ ತುರ್ತುಚೀಲದೊಳಗೆ, ಒಂದು ಪ್ರತಿ ಆಯಾ ವ್ಯಕ್ತಿಯ ಕಿಸೆ ಅಥವಾ ಸಂಚಿಯಲ್ಲಿ, ಒಂದರ ಚಿತ್ರ ದೂರದ ಊರಿನ ಮಗಳ ಮೊಬೈಲಿನಲ್ಲಿ. ಔಷಧಿ ಬದಲಾದ ದಿನವೇ ಚೀಟಿಯೂ ಬದಲಾಗಬೇಕು. ಹಳೆಯ ಚೀಟಿ ಕೆಲವೊಮ್ಮೆ ಚೀಟಿಯೇ ಇಲ್ಲದುದಕ್ಕಿಂತ ಅಪಾಯಕಾರಿ.

ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಮೂರ್ಛೆ, ಥೈರಾಯ್ಡ್, ದಮ್ಮು ಇವುಗಳಿಗೆ ನಿತ್ಯವೂ ಔಷಧಿ ತೆಗೆದುಕೊಳ್ಳುವವರು ಕೊನೆಯ ಗುಳಿಗೆ ನುಂಗಿದ ಮೇಲೆ ಅಂಗಡಿಗೆ ಹೋಗುವ ರೂಢಿಯನ್ನು ಬಿಡಬೇಕು. ಮಳೆಗಾಲದಲ್ಲಿ ಯಾವಾಗಲೂ ಹದಿನೈದು ದಿನಗಳ ಔಷಧಿ ಕೈಯಲ್ಲಿ ಉಳಿದಿರಬೇಕು. ಹೊಸದನ್ನು ತಂದಾಗ ಹಳೆಯದನ್ನು ಮೊದಲು ಬಳಸಿ ಹೊಸದನ್ನು ಚೀಲದಲ್ಲಿಟ್ಟರೆ ಅವಧಿ ಮೀರುವ ಭಯವಿಲ್ಲ. ಇನ್ಸುಲಿನ್ ಬಳಸುವವರು ವಿದ್ಯುತ್ತು ಹೋದೊಡನೆ ಗಾಬರಿಯಾಗುತ್ತಾರೆ. ಬಳಕೆಯಲ್ಲಿರುವ ಬಾಟಲಿಯನ್ನು ಬಿಸಿಲು ತಾಗದ ತಂಪು ಸ್ಥಳದಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ತಮ್ಮ ಇನ್ಸುಲಿನ್ನಿನ ಅವಧಿಯನ್ನು ಅದರ ಪೆಟ್ಟಿಗೆಯ ಮೇಲೆ ನೋಡಿಕೊಳ್ಳಿರಿ. ಬೇಸಿಗೆಯಲ್ಲಾದರೆ ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಗಡಿಗೆಯನ್ನಿಟ್ಟು, ನಡುವೆ ಮರಳು ತುಂಬಿ ನೀರು ಹಾಕುತ್ತಿದ್ದರೆ ಒಳಗಿನ ಗಡಿಗೆ ತಂಪಾಗಿರುತ್ತದೆ. ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದರೊಳಗಿಡಬೇಕು. ಬರ್ಫದ ಗಡ್ಡೆಗೆ ತಾಗಿಸಿ ಇಟ್ಟರೆ ಮಾತ್ರ ಹೆಪ್ಪುಗಟ್ಟಿ ಕೆಡುತ್ತದೆ.

ಮನೆಯಲ್ಲಿ ಗರ್ಭಿಣಿಯಿದ್ದರೆ ಹೆರಿಗೆಯ ದಿನಾಂಕವೂ ಯೋಜನೆಯೊಳಗೆ ಬರಬೇಕು. ಹೊಳೆಸಾಲಿನ ಊರಿನಲ್ಲಿ, ದಿನ ತುಂಬುವ ಕಾಲವು ಶ್ರಾವಣ ಭಾದ್ರಪದಗಳಲ್ಲಿ ಬೀಳುತ್ತಿದ್ದರೆ, ಎರಡು ವಾರ ಮುಂಚಿತವಾಗಿಯೇ ಆಸ್ಪತ್ರೆಗೆ ಸಮೀಪದ ಬಂಧುಗಳ ಮನೆಗೆ ಕಳುಹಿಸುವುದು ಒಳ್ಳೆಯದು. ತಾಯಿ ಕಾರ್ಡು ಸದಾ ಆಕೆಯ ಸಂಗಡವೇ ಇರಲಿ.

ತುರ್ತುಚೀಲ

ಚೀಲವು ಒಂದೇ ಇರಲಿ, ಒಬ್ಬರು ಎತ್ತುವಷ್ಟು ಹಗುರವಾಗಿರಲಿ. ಅದರಲ್ಲಿ ಔಷಧಿಗಳು, ಚೀಟಿಗಳು, ಬ್ಯಾಟರಿ, ಅದರ ಸೆಲ್ಲುಗಳು, ಬೆಂಕಿಪೊಟ್ಟಣ, ಚಾರ್ಜು ತುಂಬಿದ ಪವರ್ ಬ್ಯಾಂಕ್, ಸೀಟಿ, ಹಗ್ಗ, ಹೆಣ್ಣುಮಕ್ಕಳಿಗೆ ಬೇಕಾದ ಪ್ಯಾಡುಗಳು, ಚಿಕ್ಕ ಮಗುವಿದ್ದರೆ ಅದರ ಬಟ್ಟೆ, ಸ್ವಲ್ಪ ಚಿಲ್ಲರೆ ಹಣ. ಹಿರಿಯರ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರಗಳನ್ನು ಬಹಳ ಜನ ಮರೆಯುತ್ತಾರೆ. ಆಧಾರ್, ಪಡಿತರ ಚೀಟಿ, ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್, ಆಯುಷ್ಮಾನ್ ಕಾರ್ಡುಗಳ ನಕಲು ಪ್ರತಿಗಳನ್ನು ನೀರು ಹೊಗದಂತೆ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿಡಬೇಕು. ಪರಿಹಾರಕ್ಕಾಗಿ ಕಚೇರಿ ಅಲೆಯುವ ದಿನ ಅವುಗಳ ಬೆಲೆ ಗೊತ್ತಾಗುತ್ತದೆ.

ಆಹಾರದ ವಿಷಯದಲ್ಲಿ ನಮ್ಮ ಕಡೆಯವರಿಗೆ ಹೊರಗಿನವರು ಕಲಿಸಬೇಕಾದುದು ಏನೂ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಪುಠಾಣಿ, ಬೆಲ್ಲ, ಶೇಂಗಾ ಉಂಡಿ ಇವೆಲ್ಲ ಒಲೆಯ ಹಂಗಿಲ್ಲದೆ ವಾರಗಟ್ಟಲೆ ಉಳಿಯುವ ಪದಾರ್ಥಗಳು. ಇವನ್ನು ಬಿಟ್ಟು ಬಿಸ್ಕತ್ತಿನ ಪೊಟ್ಟಣಗಳಿಗೆ ಕೈಚಾಚುವುದು ನನಗೆ ಸೋಜಿಗ. ಮಧುಮೇಹಿಗಳ ಕಿಸೆಯಲ್ಲಿ ಮಾತ್ರ ಸಕ್ಕರೆಯ ಪುಟ್ಟ ಪೊಟ್ಟಣವೊಂದು ಇರಲೇಬೇಕು. ಊಟ ತಪ್ಪಿದ ದಿನ ರಕ್ತದ ಸಕ್ಕರೆ ಕುಸಿದು ಬೆವರಿ, ನಡುಗಿ, ಪ್ರಜ್ಞೆ ತಪ್ಪುವ ಸಂಭವ ಉಂಟು.

ಕಠಿಣವಾದುದು ನೀರು. ಊರ ತುಂಬ ನೀರಿದ್ದು ಕುಡಿಯಲು ಗುಟುಕು ನೀರಿಲ್ಲದ ಸ್ಥಿತಿಯನ್ನು ಎರಡು ಮಹಾಪೂರಗಳಲ್ಲಿ ಕಂಡಿದ್ದೇನೆ. ಒಬ್ಬರಿಗೆ ದಿನಕ್ಕೆ ಕುಡಿಯಲು ಕನಿಷ್ಠ 3 ಲೀಟರ್ ಎಂದರೂ, ನಾಲ್ವರ ಕುಟುಂಬಕ್ಕೆ ಮೂರು ದಿನಗಳಿಗೆ 36 ಲೀಟರ್ ಬೇಕಾಗುತ್ತದೆ. ಮುಚ್ಚಳವಿರುವ 20 ಲೀಟರಿನ ಎರಡು ಕ್ಯಾನುಗಳು ಸಾಕು. ಮುನ್ಸೂಚನೆ ಬಂದೊಡನೆ ತುಂಬಿ ಎತ್ತರದಲ್ಲಿಡಬೇಕು. ಚೀಲದಲ್ಲಿ ಕ್ಲೋರಿನ್ ಗುಳಿಗೆಗಳ ಪಟ್ಟಿಯೊಂದು ಇರಲಿ. ಪಟ್ಟಿಯ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಅರ್ಧ ತಾಸಾದರೂ ಬಿಟ್ಟು ಕುಡಿಯಬೇಕು. ಕೆಸರುನೀರಾದರೆ ಮೊದಲು ತಿಳಿಯಾಗಲು ಬಿಟ್ಟು, ನಾಲ್ಕು ಪದರ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು.

ಹಿಂಗ್ವಾಷ್ಟಕ ಚೂರ್ಣ, ಶುಂಠಿ, ಗಾಯಕ್ಕೆ ಜಾತ್ಯಾದಿ ತೈಲ ಇವುಗಳನ್ನು ನಾನು ನನ್ನ ಚೀಲದಲ್ಲಿ ಇಡುತ್ತೇನೆ. ಅಜೀರ್ಣಕ್ಕೂ ಸಣ್ಣ ಗಾಯಕ್ಕೂ ಅವು ಉಪಯುಕ್ತ. ಪ್ರಾಣಾಪಾಯದ ಸಮಯದಲ್ಲಿ ಅವುಗಳ ಮೇಲೆ ಭಾರ ಹಾಕತಕ್ಕದ್ದಲ್ಲ. ಆ ವಿಷಯಕ್ಕೆ ಈಗ ಬರುತ್ತೇನೆ.

ಹಾವು ಕಚ್ಚಿದಾಗ

ಹೊಲಗಳಿಗೆ ನೀರು ನುಗ್ಗಿದಾಗ ಹಾವುಗಳೂ ನಮ್ಮಂತೆಯೇ ಎತ್ತರದ ಸ್ಥಳವನ್ನು ಹುಡುಕಿಕೊಂಡು ಬರುತ್ತವೆ. ಕಟ್ಟಿಗೆಯ ಒಟ್ಟಲು, ಮೇವಿನ ಬಣವಿ, ಹಾಸಿಗೆಯ ಸುರುಳಿ ಅವುಗಳಿಗೆ ಆಶ್ರಯ. ನಮ್ಮಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಜಾತಿಗಳು. ಇವುಗಳಲ್ಲಿ ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲಿ ಬಾವಾಗಲಿ ಹೆಚ್ಚಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಇಳಿಬೀಳುವುದು, ಮಾತು ತೊದಲುವುದು ಕಂಡಾಗ ಮನೆಯವರು ಅದನ್ನು ಅಜೀರ್ಣವೆಂದು ಭಾವಿಸಿ ಹೊತ್ತು ಕಳೆಯುತ್ತಾರೆ. ಮಂಚ ಮತ್ತು ಹಾಸಿಗೆಯೊಳಗೆ ಮಡಚಿದ ಸೊಳ್ಳೆಪರದೆಗಳಿಂದ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಇಲ್ಲಿ ಒಂದು ಮಾತನ್ನು ಆಯುರ್ವೇದ ವೈದ್ಯನಾಗಿ ನಾನೇ ಹೇಳುವುದು ಉಚಿತ. ಚರಕರು ವಿಷಚಿಕಿತ್ಸೆಯಲ್ಲಿ ಹೇಳಿರುವ 24 ಉಪಕ್ರಮಗಳಲ್ಲಿ ಕಚ್ಚಿದ ಸ್ಥಳದ ಮೇಲ್ಭಾಗವನ್ನು ಬಿಗಿದು ಕಟ್ಟುವ ಅರಿಷ್ಟಾಬಂಧನವೂ ಇದೆ, ಕೊಯ್ಯುವುದೂ ಹೀರುವುದೂ ಇವೆ. ಇದನ್ನು ಮುಂದಿಟ್ಟುಕೊಂಡು ಈಗಲೂ ಹಗ್ಗ ಬಿಗಿಯುವವರಿದ್ದಾರೆ. ಪ್ರತಿವಿಷವೆಂಬುದು ಇಲ್ಲದ ಕಾಲದಲ್ಲಿ, ಕೈಯಲ್ಲಿದ್ದ ಉಪಾಯಗಳಲ್ಲಿ ಉತ್ತಮವಾದುದನ್ನು ಆಚಾರ್ಯರು ಹೇಳಿದರು. ಇಂದು ಆ ನಾಲ್ಕೂ ಹಾವುಗಳ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಬಿಗಿದು ಕಟ್ಟಿದ ಕೈಕಾಲುಗಳು ರಕ್ತಸಂಚಾರವಿಲ್ಲದೆ ಕೊಳೆತು ಕತ್ತರಿಸಬೇಕಾದುದನ್ನು ನಾನು ಕಂಡಿದ್ದೇನೆ. ಮಂಡಲದ ಹಾವು ಕಚ್ಚಿದಾಗ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ; ಅಂಥವರಿಗೆ ಬ್ಲೇಡಿನಿಂದ ಕೊಯ್ದರೆ ರಕ್ತ ನಿಲ್ಲುವುದೇ ಇಲ್ಲ. ಕಟ್ಟಬಾರದು, ಕೊಯ್ಯಬಾರದು, ಹೀರಬಾರದು, ಬೇರು ತೇದು ಕುಡಿಸಬಾರದು. ಚರಕರು ಇಂದು ಇದ್ದಿದ್ದರೆ ಪ್ರತಿವಿಷವನ್ನೇ ಮೊದಲನೆಯ ಉಪಕ್ರಮವೆಂದು ಬರೆಯುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮಾಡಬೇಕಾದುದು ಸ್ವಲ್ಪವೇ. ಕಚ್ಚಿಸಿಕೊಂಡವರನ್ನು ನಡೆಸಬಾರದು, ಓಡಿಸಬಾರದು. ಉಂಗುರ, ಬಳೆ, ಕಾಲುಂಗುರ, ಕಾಲ್ಗಡಗಗಳನ್ನು ಬಾವು ಬರುವ ಮುನ್ನ ತೆಗೆಯಬೇಕು. ಮುರಿದ ಎಲುಬಿಗೆ ಕಟ್ಟುವಂತೆ ಕೋಲಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ ಆ ಅಂಗವನ್ನು ಅಲುಗಾಡದಂತೆ ಇಡಬೇಕು. ಕಚ್ಚಿದ ಹೊತ್ತನ್ನು ಬರೆದುಕೊಳ್ಳಬೇಕು. ಹಾವನ್ನು ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ, ಹಾವನ್ನು ತೋರಿಸದೆಯೂ ಚಿಕಿತ್ಸೆ ನಡೆಯುತ್ತದೆ. ನಾಲ್ಕು ಚಕ್ರದ ವಾಹನ ದೊರೆಯದಿದ್ದರೆ ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂಡಿಸಿಕೊಂಡು ಹೊರಡಬೇಕು. ಪ್ರತಿವಿಷವು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದೆಯೋ ತಾಲೂಕಿಗೇ ಹೋಗಬೇಕೋ, ರಾತ್ರಿ ಅಲ್ಲಿ ವೈದ್ಯರಿರುತ್ತಾರೋ ಎಂಬುದನ್ನು ಇಂದೇ ವಿಚಾರಿಸಿ ಗೋಡೆಯ ಕಾಗದದಲ್ಲಿ ಬರೆದಿಡಿರಿ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಿಡುಗೆಂದು ಘೋಷಿಸಿತು. ಎಲ್ಲೆಲ್ಲಿ ಎಷ್ಟು ಔಷಧಿ ಬೇಕೆಂಬ ಲೆಕ್ಕ ದೊರೆಯಲು ಇದು ಸಹಾಯಕ. ಗುಡಿಯ ಮುಂದೆ ಮಲಗಿಸಿ, ಮಂತ್ರ ಹಾಕಿಸಿ, ಕೊನೆಗೆ ಆಸ್ಪತ್ರೆಗೆ ತಂದವರು ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಎದೆನೋವು ಮತ್ತು ಪಾರ್ಶ್ವವಾಯು

ಇದನ್ನು ಬರೆಯುವುದು ನನಗೆ ಸುಲಭವಲ್ಲ. ಹದಿನಾಲ್ಕು ವರ್ಷಗಳ ಹಿಂದೆ ನನ್ನ ಹಿರಿಯ ಅಣ್ಣನವರಿಗೆ ರಾತ್ರಿ ಊಟವಾದ ಮೇಲೆ ಎದೆ ಹಿಡಿದುಕೊಂಡಿತು. ನಾನು ಮದುವೆಯೊಂದಕ್ಕಾಗಿ ಬೇರೆ ಊರಿಗೆ ಹೋಗಿದ್ದೆ. ಮನೆಯವರು ವಾಯುವೆಂದು ಭಾವಿಸಿ ಅಜವಾನದ ಕಷಾಯ ಕೊಟ್ಟರು, ಬೆನ್ನು ತಿಕ್ಕಿದರು, ಸೋಡಾ ತರಿಸಿದರು. ನನಗೆ ಫೋನು ಮಾಡಿದಾಗ ನಾನು ಮೊದಲು ಕೇಳಿದ್ದು ಊಟಕ್ಕೆ ಏನಿತ್ತು ಎಂದು. ಬೆವರುತ್ತಿದ್ದಾರೆಯೇ ಎಂದು ಕೇಳಬೇಕಾಗಿತ್ತು. ಎರಡು ತಾಸುಗಳು ಹೀಗೆ ಕಳೆದವು. ನೆರೆಮನೆಯ ಜೀಪಿನ ಕೀಲಿ ಅದರ ಚಾಲಕನ ಹತ್ತಿರವಿತ್ತು, ಅವನು ಊರಲ್ಲಿರಲಿಲ್ಲ. 108 ಎಂಬುದು ಬಂದು ಆಗಲೇ ಕೆಲವು ವರ್ಷಗಳಾಗಿದ್ದರೂ ಅದಕ್ಕೆ ಕರೆ ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಆಸ್ಪತ್ರೆ ಮುಟ್ಟುವ ಮುನ್ನ ದಾರಿಯಲ್ಲಿಯೇ ಅಣ್ಣನವರು ತೀರಿಕೊಂಡರು. ವೈದ್ಯನ ಮನೆಯಲ್ಲಿ ಹೀಗಾಯಿತು.

ಎದೆಯ ನಡುವೆ ಹಿಸುಕಿದಂತೆ, ಭಾರವಿಟ್ಟಂತೆ ಆಗುವ ನೋವು, ಅದು ಎಡತೋಳು, ದವಡೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಇವು ಕಂಡರೆ ವಾಯುವೋ ಹೃದಯವೋ ಎಂಬ ವಾದವನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಅದನ್ನು ಇಸಿಜಿ ಹೇಳಲಿ. ಮಧುಮೇಹಿಗಳಲ್ಲಿಯೂ ಹೆಣ್ಣುಮಕ್ಕಳಲ್ಲಿಯೂ ನೋವೇ ಇಲ್ಲದೆ ಬರಿಯ ಏದುಸಿರು, ಅತಿಯಾದ ಸುಸ್ತು, ವಾಂತಿಯ ರೂಪದಲ್ಲಿ ಇದು ಬರುವುದುಂಟು. ವಾಯುವೆಂದು ಗೊತ್ತಾಗಿ ಆಸ್ಪತ್ರೆಯಿಂದ ಮರಳಿದರೆ ನಗೆಪಾಟಲಾಗುವೆವೆಂಬ ಸಂಕೋಚ ಬೇಡ. ರೋಗಿಯನ್ನು ನಡೆಸದೆ, ಒರಗಿ ಕೂಡಿಸಿ, 108ಕ್ಕೆ ಕರೆ ಮಾಡಿ ಅವರು ಹೇಳಿದಂತೆ ನಡೆಯಬೇಕು.

ಪಾರ್ಶ್ವವಾಯುವಿಗೂ ಇದೇ ಮಾತು. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲು ಬಾರದಿರುವುದು, ಮಾತು ತೊದಲುವುದು ಕಂಡೊಡನೆ ಗಡಿಯಾರ ನೋಡಿಕೊಳ್ಳಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಅಂದರೆ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದಿರಬೇಕು. ಬಾಯಿಗೆ ನೀರನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಅಭ್ಯಂಗ, ಬಸ್ತಿಗಳಿಗೆ ನನ್ನ ಬಳಿಗೆ ಬರುವವರನ್ನು ನಾನು ಸ್ವಾಗತಿಸುತ್ತೇನೆ, ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ. ಮೊದಲ ದಿನವೇ ತೈಲ ಕೇಳಿಕೊಂಡು ಬರುವವರನ್ನು ಅದೇ ವಾಹನದಲ್ಲಿ ಮುಂದಕ್ಕೆ ಕಳುಹಿಸುತ್ತೇನೆ.

ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಬಡಿಯುತ್ತದೆಂಬುದು ತಪ್ಪು ತಿಳಿವಳಿಕೆ. ಕೂಡಲೇ ಮುಟ್ಟಬಹುದು, ಮುಟ್ಟಬೇಕು. ಉಸಿರಿಲ್ಲದಿದ್ದರೆ ಎದೆಯ ನಡುಭಾಗವನ್ನು ಎರಡು ಅಂಗೈಗಳಿಂದ ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಆಳಕ್ಕೆ ಒತ್ತುತ್ತಿರಬೇಕು. ವಿದ್ಯುತ್ ತಗುಲಿದವರ ವಿಷಯ ಬೇರೆ; ಮೇನ್ ಸ್ವಿಚ್ ಆರಿಸದೆ ಅವರನ್ನು ಮುಟ್ಟಬಾರದು. ಆ ಸ್ವಿಚ್ ಎಲ್ಲಿದೆ, ಸಿಲಿಂಡರಿನ ರೆಗ್ಯುಲೇಟರ್ ಹೇಗೆ ತೆಗೆಯಬೇಕು ಎಂಬುದು ಮನೆಯ ಹತ್ತು ವರ್ಷದ ಮಗುವಿಗೂ ಗೊತ್ತಿರಬೇಕು.

ನೀರು ಏರುವಾಗ, ಇಳಿದ ಮೇಲೆ

ಮನೆ ಬಿಡುವ ಸಮಯ ಬಂದಾಗ ಯಾರು ಅಜ್ಜಿಯ ಕೈ ಹಿಡಿಯಬೇಕು, ಯಾರು ಚೀಲ ಎತ್ತಬೇಕು, ಯಾರು ದನಗಳ ಹಗ್ಗ ಬಿಚ್ಚಬೇಕು ಎಂಬುದು ಮೊದಲೇ ಹಂಚಿಕೆಯಾಗಿರಬೇಕು. ದನಗಳನ್ನು ಹೊಡೆದುಕೊಂಡು ಹೋಗಲಾಗದಿದ್ದರೆ ಕಣ್ಣಿ ಬಿಚ್ಚಿಯಾದರೂ ಬಿಡಬೇಕು. ಕಟ್ಟಿದಲ್ಲೇ ಮುಳುಗಿದ ಎತ್ತುಗಳನ್ನು ಕಂಡ ರೈತರು ವರ್ಷಗಟ್ಟಲೆ ಆ ಮಾತನ್ನೇ ಆಡುವುದನ್ನು ಕೇಳಿದ್ದೇನೆ. ಹರಿಯುವ ನೀರು ಮೊಣಕಾಲ ಮಟ್ಟ ಇದ್ದರೂ ನಡೆದು ದಾಟಬಾರದು, ನೀರು ಹರಿಯುವ ಸೇತುವೆಯ ಮೇಲೆ ವಾಹನ ಇಳಿಸಬಾರದು. ಪ್ರತಿ ವರ್ಷ ಹಳ್ಳದಲ್ಲಿ ಕೊಚ್ಚಿಹೋಗುವವರಲ್ಲಿ ಹೆಚ್ಚಿನವರು ಆ ದಾರಿಯನ್ನು ನೂರು ಸಲ ದಾಟಿದವರೇ.

ಜನಪದೋಧ್ವಂಸದ ಅಧ್ಯಾಯದಲ್ಲಿ ಚರಕರು ವಾಯು, ಜಲ, ದೇಶ, ಕಾಲ ಈ ನಾಲ್ಕೂ ಕೆಟ್ಟಾಗ ಒಂದು ನಾಡಿಗೆ ನಾಡೇ ರೋಗಕ್ಕೆ ಈಡಾಗುವುದನ್ನು ವಿವರಿಸಿದ್ದಾರೆ. ಮಹಾಪೂರ ಇಳಿದ ಊರಿನಲ್ಲಿ ಜಲವೂ ದೇಶವೂ ಕೆಟ್ಟಿರುವುದು ಕಣ್ಣಿಗೇ ಕಾಣುತ್ತದೆ. ಬಾವಿಯ ನೀರಿಗೆ ಪಂಚಾಯಿತಿಯವರಿಂದ ಬ್ಲೀಚಿಂಗ್ ಪುಡಿ ಹಾಕಿಸುವವರೆಗೆ ಕುದಿಸಿದ ನೀರನ್ನೇ ಕುಡಿಯಬೇಕು. ಕೆಸರು ಬಳಿಯುವಾಗ ಕಾಲಿಗೆ ಬೂಟು ಇರಲಿ. ಇಲಿಗಳ ಮೂತ್ರ ಬೆರೆತ ನೀರಿನಿಂದ ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ಬರುತ್ತದೆ. ಜ್ವರ, ಮೀನಖಂಡದ ವಿಪರೀತ ನೋವು, ಕೆಂಗಣ್ಣು ಕಂಡರೆ ಆಸ್ಪತ್ರೆಗೆ ಹೋಗಬೇಕು. ವಾಂತಿಭೇದಿಗೆ ಓಆರ್‌ಎಸ್ ಪೊಟ್ಟಣ. ಅದಿಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮವಾಗಿ. ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ಅಕ್ಕಿಯ ಗಂಜಿಯನ್ನೂ ಎದೆಹಾಲನ್ನೂ ನಿಲ್ಲಿಸಬಾರದು.

ಬರೆದ ಯೋಜನೆಯನ್ನು ವರ್ಷಕ್ಕೆ ಎರಡು ಸಲ ತೆಗೆದು ನೋಡಬೇಕು. ಮೃಗಶಿರಾ ಮಳೆ ಕೂಡುವ ಮುನ್ನ ಒಂದು ಸಲ, ದೀಪಾವಳಿಗೆ ಮನೆ ಸಾರಿಸುವಾಗ ಇನ್ನೊಂದು ಸಲ. ಅವಧಿ ಮುಗಿದ ಔಷಧಿ, ಸೋರಿದ ಸೆಲ್ಲು, ಮುಗ್ಗಿದ ಅವಲಕ್ಕಿಗಳನ್ನು ಬದಲಿಸಬೇಕು. ಒಂದು ಸಂಜೆ ದೀಪ ಆರಿಸಿ, ‘ಈಗ ಹೊರಡಬೇಕು’ ಎಂದು ಹೇಳಿ ಮನೆಯವರೆಲ್ಲ ಗೊತ್ತುಮಾಡಿದ ಸ್ಥಳಕ್ಕೆ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಬೇಕು. ಮಕ್ಕಳಿಗೆ ಇದು ಆಟ. ನಮ್ಮ ಮನೆಯಲ್ಲಿ ಕಳೆದ ವರ್ಷ ಮೊದಲ ಸಲ ಹೀಗೆ ಮಾಡಿದಾಗ ಎಲ್ಲರೂ ಏಳು ನಿಮಿಷಗಳಲ್ಲಿ ಶಾಲೆಯ ಕಟ್ಟೆಯ ಮೇಲಿದ್ದರು. ನನ್ನ ಔಷಧಿಯ ಚೀಟಿ ಮಾತ್ರ ಚೀಲದಲ್ಲಿರಲಿಲ್ಲ. ಊರವರಿಗೆಲ್ಲ ಬರೆದುಕೊಟ್ಟ ನಾನು ನನ್ನದನ್ನು ಬರೆದಿರಲಿಲ್ಲ. ಅಂದು ರಾತ್ರಿ ನನ್ನ ಮೊಮ್ಮಗಳು ನನ್ನನ್ನು ಕೂಡಿಸಿಕೊಂಡು, ರಕ್ತದೊತ್ತಡದ ಎರಡು ಗುಳಿಗೆಗಳ ಹೆಸರನ್ನು ಪಟ್ಟಿಯ ಹಿಂಬದಿಯಿಂದ ಓದಿಸಿ, ತನ್ನ ಕೈಯಾರೆ ಬರೆದು ಚೀಲದಲ್ಲಿಟ್ಟಳು.